ಸಂಸಾರದ ಕಾರಿಗೆ ಪಂದ್ಯದ ವೇಷ

ಕಳೆದ ದಸರಾ ರಜೆಯಲ್ಲಿ, ಮನೆಗೊಂದು ಕಾರು ಕೊಳ್ಳುವುದೆಂದು ನಿಶ್ಚಯಿಸಿ, ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗ ಮತ್ತು ಎಪ್ಪತ್ತೆರಡು ವರ್ಷದ ನನ್ನ ತಾಯಿ ಹಾಸನದ ಒಂದು ಷೋರೂಮಿಗೆ ಹೋಗಿದ್ದೆವು. ಗಾಜಿನ ಗೋಡೆಯ ಒಳಗೆ, ಝಗಝಗಿಸುವ ದೀಪಗಳ ಕೆಳಗೆ, ಹಸೆಗೆ ಏರಲು ಸಿದ್ಧನಾದ ಮದುವಣಿಗನಂತೆ ಒಂದು ಬಿಳಿಯ ಕಾರು ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ. ಮೂತಿಯ ಇಕ್ಕೆಲಗಳಲ್ಲಿ ಜೇನುಗೂಡಿನಂಥ ಜಾಲರಿ. ಹಿಂಭಾಗದಲ್ಲಿ ಪುಟ್ಟದೊಂದು ರೆಕ್ಕೆ. ಕೆಳಗೆ ದಪ್ಪನೆಯ ಎರಡು ಸೈಲೆನ್ಸರ್ ಬಾಯಿ. ಚಕ್ರಗಳ ಸಂದಿನಲ್ಲಿ ಇಣುಕಿ ನೋಡುವ ಕೆಂಪು ಬಣ್ಣ. ನನ್ನ ಮಗ ಅದನ್ನು ಕಂಡೊಡನೆ ನನ್ನ ಕೈ ಬಿಡಿಸಿಕೊಂಡು ಓಡಿದ. ಓಡುವ ವಯಸ್ಸು ದಾಟಿದ್ದರಿಂದ ನಾನು ನಡೆದು ಹೋದೆ, ವ್ಯತ್ಯಾಸ ಇಷ್ಟೇ.

“ಸ್ಪೋರ್ಟ್ಸ್ ಕಾರಿನ ಲುಕ್ಕು ಸಾರ್. ಈಗ ಎಲ್ಲರೂ ಕೇಳೋದು ಇದನ್ನೇ” ಎಂದ, ಮಾರಾಟದ ಹುಡುಗ.

ನನ್ನ ತಾಯಿ ನಿಧಾನವಾಗಿ ಬಂದು, ಮೂತಿಯ ಪಕ್ಕದ ಜಾಲರಿಯ ಮೇಲೆ ಬೆರಳಾಡಿಸಿದರು. ರವೆ ಜರಡಿಯನ್ನು ಪರೀಕ್ಷಿಸುವಂತೆ ಒಂದೆರಡು ಸಲ ಒತ್ತಿ ನೋಡಿ, ತಲೆಯೆತ್ತಿ ಕೇಳಿದರು: “ಇದ್ಯಾತಕ್ಕಪ್ಪಾ? ಒಂದು ತೂತೂ ಇಲ್ವಲ್ಲ?”

ಹುಡುಗ ಪ್ರಾಮಾಣಿಕ. “ಅದು ನೋಡೋಕಷ್ಟೇ ಅಮ್ಮಾ” ಎಂದುಬಿಟ್ಟ.

ನಾನು ಕನ್ನಡದ ಮೇಷ್ಟರು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ವರ್ಷ ವರ್ಷವೂ ತರಗತಿಯಲ್ಲಿ ಅಲಂಕಾರಶಾಸ್ತ್ರವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನು. ಅಲಂಕಾರ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಒಪ್ಪುತ್ತದೆ, ಎಲ್ಲಿ ಹೊರೆಯಾಗುತ್ತದೆ ಎಂಬುದನ್ನು ಹಳೆಯ ಕಾವ್ಯಗಳಿಂದ ಉದಾಹರಣೆ ಕೊಟ್ಟು ವಿವರಿಸುವ ನನಗೆ, ತಾಯಿಯ ಆ ಒಂದು ಪ್ರಶ್ನೆ ಷೋರೂಮಿನ ನಡುವೆಯೇ ಪಾಠವನ್ನು ಮರಳಿ ಒಪ್ಪಿಸುವಂತೆ ಮಾಡಿತು. ‘ಇದು ಯಾತಕ್ಕೆ?’ ಆ ಪ್ರಶ್ನೆಯ ಬೆನ್ನು ಹಿಡಿದು ನಾನು ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಲಂಕಾರದ ಹುಟ್ಟು

ಸ್ಪೋರ್ಟ್ಸ್ ಕಾರಿನ ಮೈಮೇಲೆ ಕಾಣುವ ಒಂದೊಂದು ಒಡವೆಯೂ ಮೊದಲು ಒಡವೆಯಾಗಿರಲಿಲ್ಲ, ಉಪಕರಣವಾಗಿತ್ತು. ರೆಕ್ಕೆಯನ್ನೇ ತೆಗೆದುಕೊಳ್ಳಿ. ಕಾರಿನ ತಳ ಚಪ್ಪಟೆ, ಬೆನ್ನು ಬಾಗಿದ್ದು. ವಿಮಾನದ ರೆಕ್ಕೆಯ ರೂಪವೂ ಸ್ಥೂಲವಾಗಿ ಹೀಗೆಯೇ. ಆದಕಾರಣ ಬಹಳ ವೇಗದಲ್ಲಿ ಓಡುವ ಕಾರನ್ನು ಗಾಳಿಯು ಮೇಲಕ್ಕೆ ಎತ್ತಲು ನೋಡುತ್ತದೆ. ಹಿಂದಿನ ಚಕ್ರಗಳು ಹಗುರವಾಗಿ, ನೆಲದ ಹಿಡಿತ ಸಡಿಲುತ್ತದೆ. ತಿರುವಿನಲ್ಲಿ ಬಾಲ ಜಾರುತ್ತದೆ. ಈ ಎತ್ತುವಿಕೆಯನ್ನು ಕೆಡಿಸುವುದಕ್ಕಾಗಿ ಹಿಂಭಾಗದಲ್ಲಿ ಒಂದು ಅಡ್ಡಪಟ್ಟಿಯನ್ನು ಕೂಡಿಸಿದರು. ‘ಸ್ಪಾಯ್ಲರ್’ ಎಂಬ ಹೆಸರೇ ಹೇಳುವಂತೆ ಅದು ಕೆಡಿಸುವ ವಸ್ತು. 1972ರಲ್ಲಿ ಜರ್ಮನಿಯ ಪೋರ್ಷೆ ಕಂಪನಿಯವರು ತಮ್ಮ 911 ಕಾರಿನ ಹಗುರವಾದ ಒಂದು ಮಾದರಿಗೆ ಹೀಗೊಂದು ಬಾಲವನ್ನು ಅಂಟಿಸಿದರು. ಬಾತುಕೋಳಿಯ ಬಾಲದಂತೆ ಮೇಲಕ್ಕೆ ಎದ್ದ ಆ ಆಕಾರ ನೋಡಲು ವಿಚಿತ್ರವಾಗಿದ್ದರೂ, ವೇಗದಲ್ಲಿ ಕಾರಿನ ಹಿಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುವಲ್ಲಿ ಅದು ನೆರವಾಯಿತು.

ಇಲ್ಲಿ ಗಣಿತದ ಒಂದು ಸ್ವಾರಸ್ಯವಿದೆ. ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಪ್ರಮಾಣದಲ್ಲಿ. ಗಂಟೆಗೆ 160 ಕಿಲೋಮೀಟರು ವೇಗದಲ್ಲಿ ಒಂದು ರೆಕ್ಕೆ ಎಷ್ಟು ಕೆಲಸ ಮಾಡುತ್ತದೆಯೋ, 40 ಕಿಲೋಮೀಟರಿನಲ್ಲಿ ಅದರ 16ನೆಯ ಒಂದು ಪಾಲು ಮಾತ್ರ ಮಾಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಂಜೆ ಆರು ಗಂಟೆಗೆ ಅದು ಎಷ್ಟು ಕೆಲಸ ಮಾಡೀತೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು!

ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಡಿಕ್ಕಿ ಚಾಚಿಕೊಂಡಿರದ ಗಿಡ್ಡ ಬಾಲದ ಕಾರುಗಳಲ್ಲಿ, ಹಿಂದಿನ ಗಾಜಿನ ನೆತ್ತಿಯ ಮೇಲೆ ಚಾವಣಿಯನ್ನು ಸ್ವಲ್ಪ ಮುಂಚಾಚಿದಂತೆ ಇರುವ ತುಟಿ ಕೇವಲ ಸೋಗಲ್ಲ. ಗಾಳಿ ಅಲ್ಲಿಂದ ಚೊಕ್ಕಟವಾಗಿ ಕಳಚಿಕೊಂಡು ಹೋಗಲು ಅದು ಸಹಾಯಕ. ಹೆದ್ದಾರಿಯಲ್ಲಿ ಎಣ್ಣೆಯ ಖರ್ಚೂ ಕೊಂಚ ತಗ್ಗಬಹುದು. ಮೂರನೆಯ ಬ್ರೇಕ್ ದೀಪಕ್ಕೂ ಅನೇಕ ಕಾರುಗಳಲ್ಲಿ ಅದೇ ಆಶ್ರಯ. ಆದ್ದರಿಂದ ‘ಇದು ಯಾತಕ್ಕೆ?’ ಎಂದು ಕೇಳಿದಾಗ ಉತ್ತರ ಯಾವಾಗಲೂ ‘ಏನಕ್ಕೂ ಇಲ್ಲ’ ಎಂದೇ ಇರಬೇಕಾಗಿಲ್ಲ.

ಬಾನೆಟ್ಟಿನ ಪಟ್ಟೆಗೂ ಒಂದು ಚರಿತ್ರೆ ಉಂಟು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ಕಾಲಕ್ಕೆ ದೇಶಕ್ಕೊಂದು ಬಣ್ಣವಿತ್ತು: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಇಂಗ್ಲೆಂಡಿಗೆ ಹಸಿರು, ಅಮೆರಿಕಕ್ಕೆ ಬಿಳಿ ಮತ್ತು ನೀಲಿ. ಧೂಳೆಬ್ಬಿಸಿಕೊಂಡು ಬರುವ ಕಾರು ಯಾರದೆಂದು ದೂರದಿಂದಲೇ ಗುರುತಿಸುವುದಕ್ಕೆ ಈ ಏರ್ಪಾಡು. 1950ರ ದಶಕದಲ್ಲಿ ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಸಾಹುಕಾರನ ಬಿಳಿಯ ಕಾರುಗಳು ನೀಲಿ ಪಟ್ಟೆಗಳನ್ನು ಧರಿಸಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಓಡಿದವು. ಹೀಗೆ ಸೇನೆಯ ಪತಾಕೆಯಂತಿದ್ದ ಪಟ್ಟೆ, ಇಂದು ಸ್ಟಿಕ್ಕರ್ ಅಂಗಡಿಯಲ್ಲಿ ಅಳತೆಯ ಮೇಲೆ ಸಿಗುವ ವಸ್ತುವಾಗಿದೆ.

ಸಾಲ ಕೊಟ್ಟವರಾರು, ಪಡೆದವರಾರು?

ಸಂಸಾರದ ಕಾರು ಸ್ಪೋರ್ಟ್ಸ್ ಕಾರಿನಿಂದ ಚೆಲುವನ್ನು ಸಾಲ ಪಡೆಯಿತೆಂದು ಹೇಳುತ್ತೇವೆ. ಆದರೆ ಈ ಸಾಲದ ಕಡತವನ್ನು ಬಿಚ್ಚಿ ನೋಡಿದರೆ, ಎಷ್ಟೋ ಕಡೆ ಮೊದಲ ಸಾಲ ಕೊಟ್ಟದ್ದು ಸಂಸಾರದ ಕಾರೇ!

ನಮ್ಮ ಹಿರಿಯರು ಚೆನ್ನಾಗಿ ಬಲ್ಲ ಸ್ಟ್ಯಾಂಡರ್ಡ್ ಹೆರಾಲ್ಡ್ ಇದಕ್ಕೆ ಸಾಕ್ಷಿ. ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದ ಈ ಕಾರನ್ನು 1961ರಿಂದ ಮದರಾಸಿನಲ್ಲಿ ಕಟ್ಟತೊಡಗಿದರು. ಅದರ ಆಕಾರವನ್ನು ಬರೆದವನು ಜೊವಾನ್ನಿ ಮಿಕೆಲೋಟ್ಟಿ ಎಂಬ ಇಟಲಿಯ ಕಲಾವಿದ. ಮೂತಿಯೆಲ್ಲ ಒಂದೇ ತುಂಡಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿದ್ದ ಅದರ ಬಾನೆಟ್ಟನ್ನು ಕಂಡವರು ಮರೆಯಲಾರರು. ಇದೇ ಹೆರಾಲ್ಡಿನ ಚೌಕಟ್ಟನ್ನು ಮೊಟಕು ಮಾಡಿ, ಇದೇ ಮಿಕೆಲೋಟ್ಟಿಯಿಂದ ಬೇರೊಂದು ಮೈ ಬರೆಯಿಸಿ, ಇಂಗ್ಲೆಂಡಿನವರು 1962ರಲ್ಲಿ ‘ಟ್ರಯಂಫ್ ಸ್ಪಿಟ್‌ಫೈರ್’ ಎಂಬ ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರನ್ನು ಮಾರಾಟಕ್ಕೆ ತಂದರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಕುಸ್ತಿಯ ಅಖಾಡಕ್ಕೆ ಇಳಿದ, ಇನ್ನೊಬ್ಬ ಮದರಾಸಿಗೆ ಬಂದು ಸಂಸಾರ ಹೂಡಿದ ಎನ್ನಬಹುದು. ಸಂಸಾರಿಯಾದವನಿಗೆ ನಮ್ಮ ದೇಶ ಏನನ್ನು ಸೇರಿಸಿತು ಬಲ್ಲಿರಾ? ರೆಕ್ಕೆಯನ್ನಲ್ಲ, ಪಟ್ಟೆಯನ್ನಲ್ಲ, 1960ರ ದಶಕದ ಉತ್ತರಾರ್ಧದಲ್ಲಿ ಹಿಂದೆ ಕೂರುವವರಿಗಾಗಿ ಇನ್ನೆರಡು ಬಾಗಿಲನ್ನು. ಇಂಗ್ಲೆಂಡಿನ ಹೆರಾಲ್ಡಿಗೆ ಆ ಭಾಗ್ಯ ಇರಲಿಲ್ಲ.

ಅಮೆರಿಕದ ಫೋರ್ಡ್ ಮಸ್ಟಾಂಗಿನ ಕಥೆ ಇದಕ್ಕಿಂತ ದೊಡ್ಡದು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅದು ಪ್ರಕಟವಾದಾಗ, ಅದರ ಉದ್ದವಾದ ಮೂತಿ, ಗಿಡ್ಡವಾದ ಹಿಂಭಾಗ, ತಗ್ಗಿದ ನಿಲುವು ಇವನ್ನು ಕಂಡು ಜನ ಮರುಳಾದರು. ಮೊದಲ ದಿನವೇ 22,000 ಬೇಡಿಕೆಗಳು ಬಂದುವಂತೆ; ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರುಗಳು ತಯಾರಾದುವು. ಬೆಲೆ 2,368 ಡಾಲರಿನಿಂದ ಆರಂಭ. ಸ್ಪೋರ್ಟ್ಸ್ ಕಾರು ಇಷ್ಟು ಅಗ್ಗವಾದದ್ದು ಹೇಗೆ? ಗುಟ್ಟು ಸರಳ. ಚರ್ಮದ ಕೆಳಗೆ ಇದ್ದದ್ದು ಬಹುಮಟ್ಟಿಗೆ ‘ಫಾಲ್ಕನ್’ ಎಂಬ ಅದೇ ಕಂಪನಿಯ ಸಾಧುವಾದ ಸಂಸಾರದ ಕಾರಿನ ಸಾಮಗ್ರಿ. ಅತಿ ಅಗ್ಗದ ಮಸ್ಟಾಂಗಿನ ಎಂಜಿನ್ನಿನ ಶಕ್ತಿ ಸುಮಾರು 100 ಅಶ್ವಶಕ್ತಿ. ಆ ದೇಶದ ಲೆಕ್ಕದಲ್ಲಿ ಅದು ಸಾಮಾನ್ಯವೇ.

ಮಸ್ಟಾಂಗಿನ ಪಕ್ಕೆಯನ್ನು ಗಮನಿಸಿದವರಿಗೆ ಹಿಂದಿನ ಚಕ್ರದ ಮುಂದೆ ಗಾಳಿ ನುಗ್ಗುವ ಕಿಂಡಿಯಂಥ ಒಂದು ಆಕಾರ ಕಾಣುತ್ತದೆ. ಅದು ಕುರುಡು ಕಿಂಡಿ. ಗಾಳಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಅದು ಸುಮ್ಮನೆ ಹುಟ್ಟಿದ್ದಲ್ಲ. 1962ರಲ್ಲಿ ಫೋರ್ಡಿನವರು ಇದೇ ಹೆಸರಿನ ಇಬ್ಬರು ಕೂರುವ ಒಂದು ಪ್ರಯೋಗದ ಕಾರನ್ನು ಮಾಡಿದ್ದರು. ಅದರಲ್ಲಿ ಎಂಜಿನ್ನು ಇದ್ದುದು ಚಾಲಕನ ಬೆನ್ನ ಹಿಂದೆ. ಅದರ ರೇಡಿಯೇಟರುಗಳಿಗೆ ತಂಪು ಗಾಳಿ ಒದಗಿಸಲು ಪಕ್ಕೆಯಲ್ಲಿ ನಿಜವಾದ ಕಿಂಡಿಗಳು ಬೇಕಾಗಿದ್ದವು. ಮಾರಾಟದ ಕಾರಿನಲ್ಲಿ ಎಂಜಿನ್ನು ಮುಂದಕ್ಕೆ ಹೋಯಿತು. ಕಿಂಡಿಯ ಕೆಲಸ ಮುಗಿಯಿತು. ಆದರೆ ಅದರ ರೂಪ ಉಳಿಯಿತು. ಬತ್ತಿದ ಹೊಳೆಗೆ ಉಳಿದ ಸೇತುವೆಯ ಹಾಗೆ! ನನ್ನ ತಾಯಿ ಬೆರಳಿಟ್ಟು ನೋಡಿದ ತೂತಿಲ್ಲದ ಜಾಲರಿಯೂ ಇದೇ ವಂಶದ್ದೆಂದು ನನಗೆ ಆಗ ಹೊಳೆಯಿತು.

ಗಳಿಸಿದ ಪಟ್ಟೆ

ಇಷ್ಟರಿಂದ ಸಂಸಾರದ ಕಾರಿನ ಮೇಲಿನ ಪ್ರತಿಯೊಂದು ಅಲಂಕಾರವೂ ಸುಳ್ಳೆಂದು ತೀರ್ಮಾನಿಸುವುದು ಅವಿವೇಕವಾದೀತು. ದುಡಿದು ಗಳಿಸಿದ ಪಟ್ಟೆಗಳೂ ಇವೆ.

ಅಲೆಕ್ ಇಸಿಗೋನಿಸ್ ರೂಪಿಸಿದ ‘ಮಿನಿ’ 1959ರಲ್ಲಿ ಹುಟ್ಟಿದ್ದು ಅತ್ಯಂತ ಮಿತವ್ಯಯದ ಪುಟ್ಟ ಕಾರಾಗಿ. ಅದರ ಎಂಜಿನ್ನು 848 ಸಿ.ಸಿ.; ಶಕ್ತಿ 34 ಅಶ್ವಶಕ್ತಿ. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅದರ ಸಾಮರ್ಥ್ಯವನ್ನು ಕಂಡುಕೊಂಡ. 1961ರಲ್ಲಿ ಬಂದ ‘ಮಿನಿ ಕೂಪರ್’ 997 ಸಿ.ಸಿ.ಯ 55 ಅಶ್ವಶಕ್ತಿಯ ಎಂಜಿನ್ನನ್ನು ಪಡೆಯಿತು. ಚಾವಣಿಗೆ ಬೇರೆ ಬಣ್ಣವನ್ನೂ ಪಡೆಯಿತು. ಆದರೆ ಇವೆರಡಕ್ಕಿಂತ ಮುಖ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನು ಪಡೆಯಿತು. ಓಡುವ ಶಕ್ತಿಯನ್ನು ಹೆಚ್ಚಿಸಿದವರು ನಿಲ್ಲುವ ಶಕ್ತಿಯನ್ನೂ ಹೆಚ್ಚಿಸಿದರೆಂಬುದನ್ನು ಗಮನಿಸಬೇಕು. ಮುಂದೆ 1964, 1965 ಮತ್ತು 1967ರಲ್ಲಿ ಮಿನಿ ಕೂಪರ್ ಕಾರುಗಳು ಮಾಂಟೆ ಕಾರ್ಲೋ ರ್ಯಾಲಿಯನ್ನು ಗೆದ್ದುವು. ತನಗಿಂತ ದೊಡ್ಡ ಕಾರುಗಳನ್ನು ಹಿಮದ ಹಾದಿಯಲ್ಲಿ ಸೋಲಿಸಿದ ಆ ಪುಟ್ಟ ಪ್ರಾಣಿ ಹಣೆಗೆ ಎಷ್ಟು ಪಟ್ಟೆ ಬಳಿದುಕೊಂಡರೂ ಯಾರೂ ನಗಲಾರರು.

ಜರ್ಮನಿಯ ‘ಗಾಲ್ಫ್ ಜಿ.ಟಿ.ಐ.’ ಕೂಡ ಇದೇ ಗುಣದ್ದು. ಗಾಲ್ಫ್ ಎಂಬುದು ಫೋಕ್ಸ್‌ವ್ಯಾಗನ್ ಕಂಪನಿಯ ಚೌಕಾಕಾರದ, ಹೆಂಡತಿ ಮಕ್ಕಳು ಸಾಮಾನು ಎಲ್ಲವೂ ಹಿಡಿಯುವ ಕಾರು. 1976ರಲ್ಲಿ ಅದಕ್ಕೆ 110 ಅಶ್ವಶಕ್ತಿಯ ಎಂಜಿನ್ನನ್ನು ಕೂಡಿಸಿದರು. ಕಾರಿನ ತೂಕ ಸುಮಾರು 800 ಕಿಲೋ ಮಾತ್ರ. ಚಕ್ರಗಳನ್ನು ಅಗಲಿಸಿದ್ದರಿಂದ ಅವನ್ನು ಮುಚ್ಚಲು ಕಪ್ಪು ಅಂಚುಗಳು ಬೇಕಾದುವು. ವೇಗ ಹೆಚ್ಚಿದ್ದರಿಂದ ಗದ್ದದ ಕೆಳಗೆ ಗಾಳಿ ತಡೆಯುವ ಒಂದು ಪಟ್ಟಿ ಬೇಕಾಯಿತು. ಇವು ಅಗತ್ಯದ ಅಲಂಕಾರಗಳು. ಜತೆಗೆ ಎರಡು ಮೂರು ಕೇವಲ ಚೆಲುವಿಗಾಗಿ: ಮೂತಿಯ ಸುತ್ತ ತೆಳುವಾದ ಕೆಂಪು ಗೆರೆ, ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಮಹಿಳೆ ಆಯ್ದ ಚೌಕುಳಿ ಬಟ್ಟೆಯ ಆಸನ, ಅವಳೇ ಸೂಚಿಸಿದ, ಗಾಲ್ಫ್ ಚೆಂಡಿನಂಥ ಗೇರಿನ ಹಿಡಿ. ಕೇವಲ 5,000 ಕಾರುಗಳನ್ನು ಮಾಡಬೇಕೆಂದಿದ್ದರು. ಮೊದಲ ಪೀಳಿಗೆಯಲ್ಲಿಯೇ ನಾಲ್ಕೂವರೆ ಲಕ್ಷಕ್ಕೂ ಮೀರಿ ಮಾರಾಟವಾದುವು. ಇಂದು ನಮ್ಮ ಊರಿನ ಕಾರುಗಳ ಮೂತಿಯ ಮೇಲೆ ಕಾಣುವ ಕೆಂಪು ಗೆರೆಗಳಿಗೆ ಇದನ್ನು ಮೂಲಪುರುಷನೆಂದು ಕರೆಯಬಹುದು.

ಕ್ರಿಸ್ತಶಕ 11ನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರನೆಂಬ ಪಂಡಿತ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದ. ಒಡವೆ ಚೆಲುವಾಗಿದ್ದರೆ ಸಾಲದು, ಸಲ್ಲುವ ಕಡೆ ಇರಬೇಕೆಂಬುದು ಅವನ ಮತದ ಸಾರ. ಗೆಜ್ಜೆ ನರ್ತಕಿಯ ಕಾಲಿನಲ್ಲಿ ಇಂಪು. ಅದನ್ನೇ ಕಟ್ಟಿಕೊಂಡು ನಾನು ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಡೆದರೆ ವಿದ್ಯಾರ್ಥಿಗಳ ಗತಿಯೇನು?

ವೇಷ ಹಾಕಿದ ಮೇಲೆ

ಅಲಂಕಾರ ಔಚಿತ್ಯವನ್ನು ಮೀರಿದಾಗ ಏನಾಗುತ್ತದೆಂಬುದಕ್ಕೆ 1973ನೆಯ ಇಸವಿ ಎರಡು ಸ್ವಾರಸ್ಯವಾದ ಉದಾಹರಣೆಗಳನ್ನು ಕೊಟ್ಟಿದೆ. ಎರಡೂ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯವು.

ಮೊದಲನೆಯದು ‘3.0 ಸಿ.ಎಸ್.ಎಲ್.’ ಎಂಬ ಕಾರು. ಪಂದ್ಯದಲ್ಲಿ ಎತ್ತರದ ಹಿಂಬದಿ ರೆಕ್ಕೆಯನ್ನು ಬಳಸಬೇಕಾದರೆ, ಜನರಿಗೆ ಮಾರುವ ಕಾರಿನಲ್ಲಿಯೂ ಅದು ಇರಬೇಕೆಂಬುದು ಪಂದ್ಯದ ನಿಯಮ. ಆದರೆ ಅಂಥ ರೆಕ್ಕೆಯನ್ನು ಹೊತ್ತು ಜರ್ಮನಿಯ ರಸ್ತೆಯಲ್ಲಿ ಹೋಗಲು ಕಾನೂನಿನ ಒಪ್ಪಿಗೆ ಇರಲಿಲ್ಲ. ಕಂಪನಿಯವರು ಮಾಡಿದ ಉಪಾಯವೇನು? ರೆಕ್ಕೆಯನ್ನು ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಿ ಕಾರನ್ನು ಗಿರಾಕಿಗೆ ಒಪ್ಪಿಸಿದರು! ತೊಟ್ಟುಕೊಳ್ಳುವುದು ಬಿಡುವುದು ಕೊಂಡವನ ಪಾಡು.

ಎರಡನೆಯದು ‘2002 ಟರ್ಬೊ’. 2002 ಎಂಬುದು ಆ ಕಂಪನಿಯ ಚಿಕ್ಕ, ಸಭ್ಯವಾದ ಕಾರು. ಅದಕ್ಕೆ 170 ಅಶ್ವಶಕ್ತಿಯನ್ನು ತುಂಬಿ, ಚಕ್ರಗಳ ಮೇಲೆ ಅಗಲವಾದ ಕವಚಗಳನ್ನು ಕೂಡಿಸಿ, ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ನಿಲ್ಲಿಸಿದರು. ಅದರ ಗದ್ದದ ಮೇಲೆ ಕಾರಿನ ಹೆಸರನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾಗಿ ಬರೆದಿತ್ತು. ಇದರ ಅಭಿಪ್ರಾಯ ಸ್ಪಷ್ಟ. ಮುಂದೆ ಹೋಗುತ್ತಿರುವವನು ತನ್ನ ಕನ್ನಡಿಯಲ್ಲಿ ಅದನ್ನು ಸರಿಯಾಗಿ ಓದಿಕೊಂಡು, ಹೆದರಿ, ದಾರಿ ಬಿಡಬೇಕು! ಆ ಅಕ್ಷರಗಳಿಗೆ ತೀವ್ರವಾದ ಟೀಕೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ತೈಲದ ಬಿಕ್ಕಟ್ಟು ಬಡಿದು ಜನ ಪೆಟ್ರೋಲಿಗೆ ಪರದಾಡುವಂತಾಯಿತು. ಆ ಕಾರುಗಳು ಒಟ್ಟು ತಯಾರಾದುವು 1,672 ಮಾತ್ರ. ಅದರ ಎಂಜಿನ್ನು ಸುಳ್ಳಾಗಿರಲಿಲ್ಲ, ರೆಕ್ಕೆಯೂ ಸುಳ್ಳಾಗಿರಲಿಲ್ಲ. ಆದರೆ ಅಲಂಕಾರವು ಅಹಂಕಾರದ ಭಾಷೆಯನ್ನು ಆಡತೊಡಗಿತ್ತು.

‘ವೇಷ ಹಾಕಿದ ಮೇಲೆ ಕುಣಿಯಲೇಬೇಕು’ ಎಂಬ ನಮ್ಮ ಜನರ ಮಾತು ಇಲ್ಲಿ ನೆನಪಾಗುತ್ತದೆ. ವೇಷ ನೋಡುವವರಿಗೆ ಮಾತ್ರವಲ್ಲ, ತೊಟ್ಟವನಿಗೂ ಏನನ್ನೋ ಹೇಳುತ್ತದೆ. ಪಟ್ಟೆಯಿರುವ ಕಾರಿನ ಚಕ್ರವನ್ನು ಹಿಡಿದ ಇಪ್ಪತ್ತರ ಹುಡುಗನಿಗೆ ಅದು ಏನು ಪಿಸುಗುಡುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಆ ಪಟ್ಟೆಯ ಹಿಂದೆ ಮಿನಿ ಕೂಪರಿನಂತೆ ಬಲವಾದ ಬ್ರೇಕಿದ್ದರೆ ಒಂದು ಮಾತು. ಬರಿಯ ಅಂಟು ಇದ್ದರೆ ಬೇರೊಂದು ಮಾತು.

ನಮ್ಮ ಪೇಟೆಯಲ್ಲಿ

ನಮ್ಮ ದೇಶದಲ್ಲಿಯೂ ನಿಜವಾದ ಪ್ರಯತ್ನಗಳು ನಡೆದಿವೆ. 2018ರಲ್ಲಿ ಟಾಟಾ ಕಂಪನಿಯವರು ಕೊಯಮತ್ತೂರಿನ ಜಯೆಮ್ ಸಂಸ್ಥೆಯೊಡನೆ ಸೇರಿ, ತಮ್ಮ ಟಿಯಾಗೊ ಎಂಬ ಚಿಕ್ಕ ಸಂಸಾರದ ಕಾರಿಗೆ ಟರ್ಬೊ ಎಂಜಿನ್ನನ್ನು ಕೂಡಿಸಿ ‘ಜೆ.ಟಿ.ಪಿ.’ ಎಂಬ ಮಾದರಿಯನ್ನು ತಂದರು. ಸಾಮಾನ್ಯ ಟಿಯಾಗೊ ಪೆಟ್ರೋಲಿನ ಶಕ್ತಿ ಆಗ ಸುಮಾರು 85 ಅಶ್ವಶಕ್ತಿ. ಇದರದು ಸುಮಾರು 114. ವೇಷಕ್ಕೆ ತಕ್ಕ ಕುಣಿತ ಅದರಲ್ಲಿತ್ತು. ಆದರೆ ಕೊಳ್ಳುವವರು ಸಾಲದೆ ಹೋದರು. 2020ರ ಹೊತ್ತಿಗೆ ಆ ಸಾಹಸ ಮುಗಿಯಿತು. 2021ರಲ್ಲಿ ಹ್ಯುಂಡೈಯವರು ತಮ್ಮ ಐ20 ಕಾರಿಗೆ ‘ಎನ್ ಲೈನ್’ ಎಂಬ ರೂಪವನ್ನು ಕೊಟ್ಟರು. ಅದರಲ್ಲಿದ್ದುದು ಸಾಮಾನ್ಯ ಐ20 ಟರ್ಬೊದ 120 ಅಶ್ವಶಕ್ತಿಯ ಎಂಜಿನ್ನೇ. ಬದಲಾದದ್ದು ಸ್ಪ್ರಿಂಗುಗಳ ಬಿಗಿ, ಸೈಲೆನ್ಸರಿನ ದನಿ, ಕೆಂಪು ಬಣ್ಣದ ಸಿಂಗಾರ ಮೊದಲಾದವು. ಅಲ್ಪಸ್ವಲ್ಪ ಕುಣಿತ, ಮಿಕ್ಕದ್ದು ವೇಷ ಎನ್ನಬಹುದು. ಇನ್ನು ಪಟ್ಟೆಯನ್ನೂ ಹೆಸರಿನ ಫಲಕವನ್ನೂ ಬಿಟ್ಟು ಬೇರೇನನ್ನೂ ಬದಲಿಸದ ‘ಸ್ಪೋರ್ಟ್ಸ್’ ಮಾದರಿಗಳು ಪೇಟೆಯಲ್ಲಿ ಹೇರಳವಾಗಿವೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಕಟ್ಟಿದವನು ಕಾರನ್ನು ಕಾಣದಿದ್ದರೂ ಮನುಷ್ಯನನ್ನು ಚೆನ್ನಾಗಿ ಕಂಡಿದ್ದ.

ವಿನೋದವೆಂದರೆ, ನಮ್ಮ ಕರ್ನಾಟಕದ ಕೆ-1000 ರ್ಯಾಲಿಯಂಥ ಸ್ಪರ್ಧೆಗಳಿಗೆ ಒಂದು ಸಾಮಾನ್ಯ ಕಾರನ್ನು ಸಿದ್ಧಪಡಿಸುವಾಗ ಬಲ್ಲವರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಬೋಳಿಸುವುದು! ಹಿಂದಿನ ಆಸನ, ನೆಲದ ಹಾಸು, ಒಳಗಿನ ಮೆತ್ತೆ ಎಲ್ಲವನ್ನೂ ಕಿತ್ತು, ಮಗುಚಿದರೂ ಜೀವ ಉಳಿಸುವ ಉಕ್ಕಿನ ಪಂಜರವನ್ನು ಕೂಡಿಸುತ್ತಾರೆ. ಪಂದ್ಯಕ್ಕೆ ಹೋಗುವ ಕಾರು ಒಡವೆ ಕಳಚುತ್ತದೆ. ಮನೆಯಲ್ಲಿರುವ ಕಾರು ಪಂದ್ಯದ ಒಡವೆ ತೊಡುತ್ತದೆ.

ಹಿಂದಿನ ಆಸನದ ಮಾತು

ಇಷ್ಟೂ ಬರಿಯ ವಿನೋದವೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕೆಲವು ಅಲಂಕಾರಗಳ ಬೆಲೆಯನ್ನು ಕೊಂಡವನು ತೆರುವುದಿಲ್ಲ. ಅವನ ಬೆನ್ನ ಹಿಂದೆ ಕೂತವರು ತೆರುತ್ತಾರೆ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಮೂರು ವರ್ಷದ ಕೆಳಗೆ ಅವನು ಇಂಥದೇ ಸಿಂಗಾರದ ಕಾರೊಂದನ್ನು ಕೊಂಡ. ಚಾವಣಿ ಹಿಂದಕ್ಕೆ ಇಳಿಜಾರಾಗಿ ಹರಿಯುತ್ತದೆ. ಕಿಟಕಿಯ ಅಂಚು ಮೇಲಕ್ಕೇರುತ್ತ ಹಿಂದೆ ಹೋಗಿ ಒಂದು ತ್ರಿಕೋನದಲ್ಲಿ ಮುಗಿಯುತ್ತದೆ. ಪಂದ್ಯದ ಕಾರು ತಗ್ಗಾಗಿರುವುದಕ್ಕೆ ಕಾರಣವುಂಟು: ಗಾಳಿಗೆ ಎದುರಾಗುವ ಮೈ ಕಡಿಮೆಯಾಗುತ್ತದೆ, ಭಾರವು ನೆಲಕ್ಕೆ ಹತ್ತಿರವಾಗಿ ತಿರುವಿನಲ್ಲಿ ನಿಲುವು ಸ್ಥಿರವಾಗುತ್ತದೆ. ಹಿಂದೆ ಯಾರೂ ಕೂರುವುದಿಲ್ಲವಾದ್ದರಿಂದ ಅಲ್ಲಿ ಚಾವಣಿ ಇಳಿದರೆ ನಷ್ಟವಿಲ್ಲ. ಆದರೆ ತಮ್ಮನ ಕಾರಿನಲ್ಲಿ ಹಿಂದೆ ಕೂರುತ್ತಿದ್ದವರು ಅವನ ಇಬ್ಬರು ಮಕ್ಕಳು ಮತ್ತು, ಹೋದಾಗಲೆಲ್ಲ, ನಮ್ಮ ತಾಯಿ. ಮಕ್ಕಳಿಗೆ ಕಿಟಕಿಯಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು. ದೊಡ್ಡವಳಿಗೆ ಹೊಟ್ಟೆ ತೊಳಸುತ್ತಿತ್ತು. ತಾಯಿಗೆ ಮಂಡಿನೋವು. ಸೀರೆಯುಟ್ಟು, ತಲೆ ತಗ್ಗಿಸಿ, ಮಂಡಿ ಮಡಿಸಿ ಆ ಗುಳಿಯಂಥ ಆಸನಕ್ಕೆ ಇಳಿಯುವುದೇ ಒಂದು ಸಾಹಸ. ಅಲ್ಲಿಂದ ಏಳುವುದು ಇನ್ನೊಂದು.

ಎರಡು ವರ್ಷದ ಕೆಳಗೆ ಎಲ್ಲರೂ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆವು. ಅವನ ಕಾರು, ಜತೆಗೊಂದು ಬಾಡಿಗೆಯ ಕಾರು. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ತಾಯಿ ಇಳಿದರು, ಮತ್ತೆ ಹತ್ತಲಿಲ್ಲ. “ನೀವು ಹೋಗ್ಬನ್ನಿ ಕಣ್ರೋ. ನಾನು ಅತ್ತಿಗೆ ಮನೇಲಿರ್ತೀನಿ” ಎಂದರು. ಅತ್ತೆಯ ಮನೆ ಅದೇ ಊರಿನಲ್ಲಿದ್ದುದು ನಿಜ. ಆದರೆ ಸುಬ್ರಹ್ಮಣ್ಯದ ಹರಕೆ ಹೊತ್ತದ್ದು ತಾಯಿಯೇ ಆಗಿತ್ತು. ಹೋಗಿ ಬಂದವರು ನಾವು. ಅವರ ಕಾರಣ ನಮಗೆ ಅಂದು ಅರ್ಥವಾಗಲಿಲ್ಲವೆಂದರೆ ಸುಳ್ಳಾದೀತು; ಅರ್ಥವಾಯಿತು, ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅದೇ ಪ್ರಯಾಣದಲ್ಲಿ, ಶಿರಾಡಿ ಘಾಟಿಯ ಒಂದು ಗುಂಡಿಗೆ ಚಕ್ರ ಬಿದ್ದು, ಟೈರಿನ ಪಕ್ಕೆ ನಿಂಬೆಹಣ್ಣಿನಂತೆ ಉಬ್ಬಿತು. ಮಳೆ, ಕತ್ತಲೆ, ಒಳಗೆ ಮಕ್ಕಳು. ಇದಕ್ಕೂ ಲೆಕ್ಕವಿದೆ. ಸಾಮಾನ್ಯ ಕಾರಿಗೆ ಒಪ್ಪುವ ಒಂದು ಟೈರಿನ ಅಳತೆ 185/65 ಆರ್ 15 ಎಂದಿಟ್ಟುಕೊಳ್ಳಿ. ಟೈರಿನ ಅಗಲ 185 ಮಿಲಿಮೀಟರು. ಪಕ್ಕೆಯ ಎತ್ತರ ಅದರ ಶೇಕಡಾ 65, ಎಂದರೆ ಸುಮಾರು 120 ಮಿಲಿಮೀಟರು. ಅದಕ್ಕೆ ಬದಲು ಅಂದಕ್ಕಾಗಿ 215/45 ಆರ್ 17 ಹಾಕಿದರೆ, ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿದರೂ ಪಕ್ಕೆ ಸುಮಾರು 97 ಮಿಲಿಮೀಟರಿಗೆ ಇಳಿಯುತ್ತದೆ. ಪಕ್ಕೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಬಾಗುವುದು ಕಡಿಮೆ. ಪಂದ್ಯದ ನುಣುಪಾದ ಹಾದಿಯಲ್ಲಿ ಇದು ಗುಣ. ಆದರೆ ಗುಂಡಿಯ ಪೆಟ್ಟನ್ನು ನುಂಗುವುದು ಆ ಪಕ್ಕೆಯೊಳಗಿನ ಗಾಳಿಯೇ ತಾನೆ? ಅದನ್ನು ಕಡಿಮೆ ಮಾಡಿದರೆ, ಪೆಟ್ಟು ಚಕ್ರಕ್ಕೆ, ಅಲ್ಲಿಂದ ಆಸನಕ್ಕೆ, ಅಲ್ಲಿಂದ ಮಂಡಿನೋವಿನ ಮುದುಕಿಗೆ.

ನಾನು ತಮ್ಮನನ್ನು ಹಳಿಯುತ್ತಿಲ್ಲ. ಆ ಷೋರೂಮಿನಲ್ಲಿ ನಿಂತಾಗ ನನಗೂ ಆ ಬಿಳಿಯ ಕಾರೇ ಬೇಕೆನಿಸಿತ್ತು. 1969ರಲ್ಲಿ ಯೂರೋಪಿನ ಫೋರ್ಡಿನವರು ‘ಕ್ಯಾಪ್ರಿ’ ಎಂಬ ಕಾರನ್ನು ಹೊರತಂದಾಗ, ನಿಮಗೆ ನೀವೇ ಎಂದಿನಿಂದಲೂ ಮಾತು ಕೊಟ್ಟುಕೊಂಡಿದ್ದ ಕಾರು ಇದು ಎಂಬರ್ಥದ ಜಾಹೀರಾತನ್ನು ಕೊಟ್ಟರು. ಅದು ಕೂಡ ಸಂಸಾರದ ಕಾರಿನ ಸಾಮಗ್ರಿಯ ಮೇಲೆ ಹೊದಿಸಿದ ಚೆಲುವಾದ ಮೈ. ಅದರ ಪಕ್ಕೆಯಲ್ಲಿಯೂ ಕುರುಡು ಕಿಂಡಿಗಳು. ಆದರೂ 1986ರವರೆಗೆ ಸುಮಾರು 19 ಲಕ್ಷ ಜನ ಅದನ್ನು ಕೊಂಡರು. ಆ ಮಾತನ್ನು ಬರೆದವನು ಮನುಷ್ಯನ ಎದೆಯನ್ನು ಬಲ್ಲವನು. ನಲವತ್ತರ ಹೊಸ್ತಿಲಲ್ಲಿ ನಿಂತು, ಮನೆಯ ಸಾಲ, ಮಗನ ಶಾಲೆ, ಉತ್ತರಪತ್ರಿಕೆಗಳ ಕಟ್ಟು ಇವುಗಳ ನಡುವೆ ಬದುಕುವವನಿಗೆ, ಒಂದು ಕಾಲಕ್ಕೆ ತನಗೆ ತಾನೇ ಕೊಟ್ಟುಕೊಂಡ ಮಾತು ಒಂದು ಕೆಂಪು ಗೆರೆಯಲ್ಲಿ ಮರಳಿ ಕಂಡರೆ ಆಶ್ಚರ್ಯವೇನು? ಅವನು ಕೊಳ್ಳುವುದು ವೇಗವನ್ನಲ್ಲ. ವೇಗವಾಗಿ ಹೋಗಬಹುದಾಗಿತ್ತು ಎಂಬ ಭಾವನೆಯನ್ನು. ಅದಕ್ಕೆ ಬೆಲೆ ಇಲ್ಲವೆಂದು ನಾನು ಹೇಳಲಾರೆ. ಹಿಂದಿನ ಆಸನದವರಿಂದ ಅದನ್ನು ಕಿತ್ತುಕೊಳ್ಳಬಾರದೆಂದಷ್ಟೇ ಹೇಳುತ್ತೇನೆ.

ಕಣ್ಣಿಗೆ ಕಟ್ಟುವ ವೇಷ ಸಾಲದೆಂದು, ಕಿವಿಗೆ ಕಟ್ಟುವ ವೇಷವೂ ಬಂದಿದೆ. ಎಂಜಿನ್ನಿನ ಗರ್ಜನೆಯನ್ನು ಒಳಗಿನ ಸ್ಪೀಕರುಗಳ ಮೂಲಕ ಹಿಗ್ಗಿಸಿ ಕೇಳಿಸುವ ಏರ್ಪಾಡು ಹತ್ತಾರು ವರ್ಷಗಳಿಂದ ದೊಡ್ಡ ದೊಡ್ಡ ಕಂಪನಿಗಳ ಕಾರುಗಳಲ್ಲಿಯೂ ಇದೆ. 2023ರಲ್ಲಿ ಬಂದ ‘ಐಯಾನಿಕ್ 5 ಎನ್’ ಎಂಬ ವಿದ್ಯುತ್ ಕಾರಿನಲ್ಲಿ ಗೇರೇ ಇಲ್ಲ; ಆದರೂ ಗೇರು ಬದಲಿಸಿದಂಥ ಕುಲುಕನ್ನೂ ಎಂಜಿನ್ನಿನಂಥ ದನಿಯನ್ನೂ ಬೇಕೆಂದವರಿಗೆ ಅದು ಒದಗಿಸುತ್ತದೆ. ಹೊಳೆ ಬತ್ತಿದ ಮೇಲೂ ಸೇತುವೆ ಕಟ್ಟುವ ಕಾಲ ಬಂತೆಂದಾಯಿತು!

ಕೊನೆಗೆ ಕೊಂಡದ್ದು

ನಾವು ಕೊಂಡದ್ದು ಪಕ್ಕದಲ್ಲಿ ದೀಪವಿಲ್ಲದ ಮೂಲೆಯಲ್ಲಿ ನಿಂತಿದ್ದ ಸಾದಾ ಕಾರನ್ನು. ಎಂಜಿನ್ನು ಅದೇ, ಬ್ರೇಕು ಅದೇ. ಪಟ್ಟೆಯಿಲ್ಲ, ಜಾಲರಿಯಿಲ್ಲ, ಟೈರಿನ ಪಕ್ಕೆ ದಪ್ಪ. ಕೊಳ್ಳುವ ಮೊದಲು ಪರೀಕ್ಷೆಯನ್ನು ತಾಯಿಯಿಂದಲೇ ಮಾಡಿಸಿದೆ. ಬಾಗಿಲು ತೆರೆದು, ಕುರ್ಚಿಯ ಮೇಲೆ ಕೂರುವಂತೆ ಕೂತು, ಕಾಲು ಒಳಗಿಟ್ಟುಕೊಂಡು, ಕಿಟಕಿಯಿಂದ ಹೊರಗೆ ನೋಡಿ, “ಸರಿಯಾಗಿದೆ” ಎಂದರು. ಕಾರು ಬಂದ ಮೂರನೆಯ ಭಾನುವಾರ ಸುಬ್ರಹ್ಮಣ್ಯದ ಹರಕೆ ತೀರಿತು. ಈ ಸಲ ಸಕಲೇಶಪುರದಲ್ಲಿ ಅವರು ಕಾಫಿ ಕುಡಿದು, ಎಲ್ಲರಿಗಿಂತ ಮೊದಲು ಹೋಗಿ ಕಾರಿನಲ್ಲಿ ಕೂತರು.

ಮಗನಿಗೆ ಮಾತ್ರ ಬೇಸರ ಹೋಗಿರಲಿಲ್ಲ. ಒಂದು ದಿನ ನಾನು ಕಾಲೇಜಿನಿಂದ ಬಂದಾಗ, ಅಂಗಡಿಯಿಂದ ಕೆಂಪು ಸ್ಟಿಕ್ಕರ್ ಪಟ್ಟಿಯನ್ನು ತಂದು, ಕಾರಿನ ಎರಡು ಪಕ್ಕಕ್ಕೂ ಉದ್ದಕ್ಕೆ ಅಂಟಿಸಿ, ಸೊಟ್ಟಗಾದ ಕಡೆಯನ್ನು ಉಗುರಿನಿಂದ ತೀಡುತ್ತ ಕುಳಿತಿದ್ದ. ತಾಯಿ ಜಗಲಿಯಿಂದ ಇಳಿದು ಬಂದು, ಅದರ ಮೇಲೆ ಬೆರಳಾಡಿಸಿದರು.

“ಇದ್ಯಾತಕ್ಕೋ?”

“ಚೆಂದಕ್ಕೆ ಅಜ್ಜಿ.”

ತಾಯಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. “ಹಾಗಾದ್ರೆ ಇರ್ಲಿ ಬಿಡು” ಎಂದು ಒಳಗೆ ಹೋದರು.